ಮುಂದಿನ ಸೊನ್ನೆಗೂ ಬೆಲೆಯಿದೆ

ಬಸವಕಲ್ಯಾಣದ ಎಸ್‌ಟಿಡಿ ಕೋಡ್ 08481, ಹುಮನಾಬಾದಿನದು 08483. ನೋಡಲು ಅಂಕಿ, ಬಳಕೆಯಲ್ಲಿ ಹೆಸರು. ಇವನ್ನು ಯಾರೂ ಕೂಡಿ ಕಳೆಯುವುದಿಲ್ಲ. ಎರಡು ತಾಲ್ಲೂಕುಗಳ ವಿಳಾಸಪಟ್ಟಿಯೊಂದು ಸಿಎಸ್‌ವಿ ಕಡತದಲ್ಲಿ ಇದೆಯೆನ್ನಿ. ಅದನ್ನು ಪಿಎಚ್‌ಪಿಯಲ್ಲಿ ಓದಿ ಜೆಸನ್‌ಗೆ ತಿರುಗಿಸುವಾಗ ಬಹಳ ಜನ 'ನ್ಯೂಮೆರಿಕ್ ಚೆಕ್' ಎಂಬ ಆಯ್ಕೆಯನ್ನು ಹಾಕಿಬಿಡುತ್ತಾರೆ. ಅಂಕಿಯಂತೆ ಕಂಡದ್ದನ್ನೆಲ್ಲ ಅದು ಸಂಖ್ಯೆ ಮಾಡುತ್ತದೆ. 08481 ಹೋಗಿ 8481 ಆಗುತ್ತದೆ, ಫೋನು ಹತ್ತುವುದಿಲ್ಲ. ಪಿನ್‌ಕೋಡ್ 585327ಕ್ಕೆ ಮುಂದೆ ಸೊನ್ನೆ ಇಲ್ಲದ್ದರಿಂದ ಅದು ಬಚಾವಾಗುತ್ತದೆ. ತಪ್ಪು ಕಣ್ಣಿಗೆ ಬೀಳದಿರುವುದೂ ಅದರಿಂದಲೇ. ಸಿಎಸ್‌ವಿಯಲ್ಲಿ ಎಲ್ಲವೂ ಬರಿಯ ಅಕ್ಷರ, ಜೆಸನ್‌ನಲ್ಲಿ ಅಕ್ಷರ ಬೇರೆ, ಸಂಖ್ಯೆ ಬೇರೆ. ಯಾವ ಕಾಲಂ ಯಾವುದೆಂದು ಗೊತ್ತಿರುವುದು ಪಟ್ಟಿ ಮಾಡಿದವರಿಗೆ. ಆ ತೀರ್ಮಾನವನ್ನು ಯಂತ್ರಕ್ಕೆ ಬಿಡಬಾರದು ಎಂಬುದೇ ನನ್ನ ವಾದ.

ಇಷ್ಟಕ್ಕೆ ಇಷ್ಟೊಂದು ತಲೆಬಿಸಿ ಯಾಕೆ, ಸಾಲನ್ನು ಕಾಮಾ ಇದ್ದಲ್ಲಿ 'ಎಕ್ಸ್‌ಪ್ಲೋಡ್' ಮಾಡಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ವಿಳಾಸದ ಖಾನೆಯಲ್ಲೇ "ಹುಮನಾಬಾದ್, ಬೀದರ್ ಜಿಲ್ಲೆ" ಎಂದಿದ್ದರೆ ಆ ಕಾಮಾಕ್ಕೂ ಕತ್ತರಿ ಬಿದ್ದು, ಮುಂದಿನ ಕಾಲಂಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ಪಿನ್‌ಕೋಡಿನ ಜಾಗದಲ್ಲಿ ಜಿಲ್ಲೆ ಬಂದು ಕೂರುತ್ತದೆ. ಪಿಎಚ್‌ಪಿಯದೇ ಆದ 'ಎಫ್‌ಗೆಟ್‌ಸಿಎಸ್‌ವಿ' ಫಂಕ್ಷನ್ ಉದ್ಧರಣ ಚಿಹ್ನೆಯೊಳಗಿನ ಕಾಮಾವನ್ನೂ ಸಾಲುಮುರಿವನ್ನೂ ಹಾಗೇ ಕಾಯುತ್ತದೆ. ಬರೆಯುವ ಶ್ರಮ ಎರಡಕ್ಕೂ ಒಂದೇ. (ಅದಕ್ಕೂ ಮೊದಲೇ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದರೆ ಸೊನ್ನೆ ಅಲ್ಲೇ ಹೋಗಿರುತ್ತದೆ; ಆ ಪಾಪ ಪಿಎಚ್‌ಪಿಯದಲ್ಲ.)

ಕನ್ನಡಕ್ಕೆ ಬಂದರೆ ಇನ್ನೊಂದು ತಕರಾರು. 'ಜೆಸನ್ ಎನ್‌ಕೋಡ್' ತನ್ನಷ್ಟಕ್ಕೆ ಬಿಟ್ಟರೆ ಕನ್ನಡ ಅಕ್ಷರಗಳನ್ನು ಸಂಕೇತವಾಗಿ ಬರೆಯುತ್ತದೆ. 'ಬಸವ' ಎಂಬ ಮೂರಕ್ಷರ ಯುಟಿಎಫ್-8ರಲ್ಲಿ 9 ಬೈಟ್, ಸಂಕೇತದಲ್ಲಿ 18. ಓದುವ ಪ್ರೋಗ್ರಾಮಿಗೆ ಎರಡೂ ಒಂದೇ ಅಲ್ಲವೇ ಎಂದರೆ, ಹೌದು, ಒಂದೇ. ಆದರೆ ಊರಿನ ಹೆಸರು ಸರಿಯಿದೆಯೇ ಎಂದು ನೋಡಬೇಕಾದದ್ದು ಊರವರು. ಹುಮನಾಬಾದನ್ನೇ ನೋಡಿ: ಚುನಾವಣಾ ಆಯೋಗದ ಇಂಗ್ಲಿಷ್ ಪಟ್ಟಿಯಲ್ಲಿ 48ನೇ ಕ್ಷೇತ್ರ 'ಹೊಮ್ನಾಬಾದ್', ಜನ ಬರೆಯುವುದು 'ಹುಮ್ನಾಬಾದ್'. ಇಂಥ ವ್ಯತ್ಯಾಸ ಸಂಕೇತದ ರಾಶಿಯಲ್ಲಿ ಯಾರ ಕಣ್ಣಿಗೂ ಬೀಳದು. ಅದಕ್ಕೆ 'ಅನ್‌ಎಸ್ಕೇಪ್ಡ್ ಯೂನಿಕೋಡ್' ಎಂಬ ಆಯ್ಕೆ ಇದೆ, ಪಿಎಚ್‌ಪಿ 5.4ರಿಂದಲೂ. 'ನುಡಿ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಕಡತವನ್ನು ಹಾಗೇ ಕೊಟ್ಟರೆ ಮಾತ್ರ ಯಾವ ಆಯ್ಕೆಯೂ ಕನ್ನಡ ಮಾಡಿಕೊಡುವುದಿಲ್ಲ. ಸಾಮಾನ್ಯವಾಗಿ 'ಜೆಸನ್ ಎನ್‌ಕೋಡ್' ಸದ್ದಿಲ್ಲದೆ ಸೋತು ಖಾಲಿ ಪುಟ ಕೊಡುತ್ತದೆ, 7.3ರಿಂದ ಬಂದ 'ಥ್ರೋ ಆನ್ ಎರರ್' ಹಾಕಿದ್ದರೆ ಬಾಯಿಬಿಟ್ಟು ಹೇಳುತ್ತದೆ. ಅದನ್ನು ಹಾಕಿ, ನ್ಯೂಮೆರಿಕ್ ಚೆಕ್ ತೆಗೆಯಿರಿ.