ಸ್ಟ್ರೆಸ್ ಸೊನ್ನೆ, ತಿರುವು ಮಾಯ

ಹೊಯ್ಸಳ ದೇವಾಲಯಗಳ ನಡುವಿನ ಹೋಲಿಕೆಯನ್ನು ಅಂಕಿಗಳಲ್ಲಿ ಹಿಡಿಯುವುದು ನನ್ನ ಪಿಎಚ್‌.ಡಿ. ಕೆಲಸ. ಅದಕ್ಕಾಗಿ ಬೇಲೂರು, ಹಳೇಬೀಡು, ಅರಸೀಕೆರೆ ಸುತ್ತುತ್ತಿದ್ದಾಗ ಹಿರಿಯ ಸಂಶೋಧಕರೊಬ್ಬರು ಓದಲು ಕೊಟ್ಟ ಪುಸ್ತಕ ಜೋಸೆಫ್ ಕ್ರುಸ್ಕಲ್ ಮತ್ತು ಮೈರನ್ ವಿಶ್ ಬರೆದ ‘ಮಲ್ಟಿಡೈಮೆನ್ಷನಲ್ ಸ್ಕೇಲಿಂಗ್’. ಸೇಜ್ ಪ್ರಕಾಶನ 1978ರಲ್ಲಿ ತಂದ, ನೂರು ಪುಟವೂ ಇಲ್ಲದ ಪ್ರವೇಶಿಕೆ ಇದು.

ವಿಧಾನದ ತಿರುಳು ಸರಳ. ನಕ್ಷೆ ಇದ್ದರೆ ಸ್ಕೇಲು ಇಟ್ಟು ಊರುಗಳ ದೂರ ಅಳೆಯುತ್ತೇವೆ. ಇಲ್ಲಿ ಅದೇ ಕೆಲಸ ಹಿಂದುಮುಂದು: ದೂರಗಳ ಪಟ್ಟಿ ಕೊಟ್ಟರೆ ನಕ್ಷೆ ಬರಬೇಕು. ಅಮೆರಿಕದ ಹತ್ತು ನಗರಗಳ ನಡುವಿನ ವಿಮಾನದ ದೂರಗಳಿಂದ ಅವುಗಳ ನಕ್ಷೆಯನ್ನು ಮರಳಿ ಕಟ್ಟಿ ತೋರಿಸುವ ಉದಾಹರಣೆಯನ್ನು ಓದಿದವರು ಮರೆಯಲಾರರು. ಪಟ್ಟಿಗೂ ನಕ್ಷೆಗೂ ಎಷ್ಟು ಹೊಂದಿಕೆ ತಪ್ಪಿದೆ ಎಂದು ಹೇಳುವ ಅಳತೆಯೇ ‘ಸ್ಟ್ರೆಸ್’. ಅದು ಸೊನ್ನೆಯಾದರೆ ಹೊಂದಿಕೆ ಪೂರ್ತಿ.

ಈ ಪುಸ್ತಕಕ್ಕೆ ನಾನು ಋಣಿ. ಮೊದಲ ಪ್ರಯತ್ನದಲ್ಲಿ ಮೂರೇ ದೇವಾಲಯಗಳ ನಕ್ಷೆ ಮಾಡಿ, ಸ್ಟ್ರೆಸ್ ಸೊನ್ನೆ ಬಂದಿತೆಂದು ಹಿಗ್ಗಿದ್ದೆ. ಮೂರು ಬಿಂದುಗಳಿಂದ ತ್ರಿಕೋನವಾಗುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ವಸ್ತುಗಳ ಸಂಖ್ಯೆಯಿಂದ ಒಂದು ಕಳೆದರೆ ಉಳಿಯುವುದು ಆಯಾಮಗಳ ನಾಲ್ಕು ಪಟ್ಟಾದರೂ ಇರಬೇಕು ಎನ್ನುತ್ತಾರೆ ಲೇಖಕರು. ಎಂದರೆ ಎರಡು ಆಯಾಮದ ನಕ್ಷೆಗೆ ಒಂಬತ್ತು ವಸ್ತುಗಳಾದರೂ ಬೇಕು. ಆ ಮಾತು ನನ್ನ ಪ್ರಬಂಧದ ಒಂದು ಅಧ್ಯಾಯವನ್ನು ಉಳಿಸಿತು.

ನನ್ನ ತಕರಾರು ಇರುವುದು ನಗರಗಳಿಂದ ದೇಶಗಳಿಗೆ ಹಾರುವ ಕಡೆ. 1968ರಲ್ಲಿ 18 ವಿದ್ಯಾರ್ಥಿಗಳಿಗೆ ಭಾರತವೂ ಸೇರಿದಂತೆ 12 ದೇಶಗಳನ್ನು ಕೊಟ್ಟು, ಯಾವ ಎರಡು ದೇಶ ಎಷ್ಟು ಹೋಲುತ್ತವೆ ಎಂದು 1ರಿಂದ 9ರವರೆಗೆ ಅಂಕ ಹಾಕಿಸಿದ್ದರು. ಬಂದ ನಕ್ಷೆಯಲ್ಲಿ ಒಂದು ದಿಕ್ಕು ರಾಜಕೀಯ ಒಲವು, ಇನ್ನೊಂದು ಆರ್ಥಿಕ ಅಭಿವೃದ್ಧಿ ಎಂದು ಓದಲಾಯಿತು. ಈ ಓದನ್ನು ಬೇರೆ ಅಂಕಗಳೊಂದಿಗೆ ತಾಳೆ ನೋಡುವ ಪ್ರಾಮಾಣಿಕತೆ ಲೇಖಕರಿಗಿದೆ. ಆದರೆ ನಗರಗಳ ದೂರ ನಾವು ಕೇಳುವ ಮೊದಲೇ ನೆಲದ ಮೇಲಿತ್ತು. ದೇಶಗಳ ದೂರ ಹುಟ್ಟಿದ್ದು ಆ 18 ಜನರನ್ನು ಕೇಳಿದ ಮೇಲೆ. ಮೊದಲ ಉದಾಹರಣೆಯಲ್ಲಿ ಗಳಿಸಿದ ನಂಬಿಕೆಯನ್ನು ಹೊಸ ಓದುಗ ಎರಡನೆಯದಕ್ಕೂ ಹೊತ್ತುಕೊಂಡು ಹೋಗುತ್ತಾನೆ. ಅವನನ್ನು ಅಲ್ಲಿ ತಡೆದು ನಿಲ್ಲಿಸಲು ಪುಸ್ತಕ ಕೊಟ್ಟಿರುವ ಜಾಗ ಸಾಲದು.

ನಮ್ಮೂರ ಬಸ್ಸಿನ ದಾರಿಯಲ್ಲೇ ಇದನ್ನು ಪರೀಕ್ಷಿಸಬಹುದು. ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ – ಈ ಐದು ನಿಲ್ದಾಣಗಳ ನಡುವೆ ಈ ದಾರಿಯಲ್ಲಿ ಬಸ್ಸು ಓಡುವ ಕಿಲೋಮೀಟರುಗಳನ್ನು ಪಟ್ಟಿ ಮಾಡಿ. ದಾರಿ ಒಂದೇ ಆದ್ದರಿಂದ ದೂರಗಳು ಒಂದಕ್ಕೊಂದು ಕೂಡುತ್ತಾ ಹೋಗುತ್ತವೆ. ನಕ್ಷೆಯಲ್ಲಿ ಬರುವುದು ಒಂದು ನೇರ ಗೆರೆ. ಸ್ಟ್ರೆಸ್ ಸೊನ್ನೆ. ಒಂದು ಆಯಾಮಕ್ಕೆ ಐದು ವಸ್ತುಗಳಿರುವುದರಿಂದ ಲೇಖಕರ ಎಣಿಕೆಯ ನಿಯಮವೂ ಪಾಸು. ಆದರೆ ಬಸ್ಸು ಬಾಣಾವರದಲ್ಲಿ ಬಲಕ್ಕೆ ತಿರುಗುವುದನ್ನು ಕಿಟಕಿ ಪಕ್ಕ ಕೂತವರೆಲ್ಲ ಬಲ್ಲರು. ಆ ತಿರುವು ನಕ್ಷೆಯಲ್ಲಿ ಇಲ್ಲವೇ ಇಲ್ಲ. ವಿಧಾನ ಸುಳ್ಳು ಹೇಳಲಿಲ್ಲ, ನಾವು ಕೊಟ್ಟ ದೂರವನ್ನಷ್ಟೇ ಹೇಳಿತು.

ದೇವಾಲಯಗಳ ವಿಷಯದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ದೇವರನ್ನು ಕೇಳಿದರೆ ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ಹತ್ತಿರ; ಬೇಲೂರಿನ ಚೆನ್ನಕೇಶವ ದೂರ. ಗರ್ಭಗುಡಿಗಳನ್ನು ಎಣಿಸಿದರೆ ಒಂದೊಂದೇ ಇರುವ ಬೇಲೂರು, ಅರಸೀಕೆರೆ ಜೊತೆಯಾಗುತ್ತವೆ. ಜೋಡಿ ಗುಡಿಯ ಹಳೇಬೀಡು ಬೇರೆಯಾಗುತ್ತದೆ. ಕಾಲ ಕೇಳಿದರೆ 12ನೇ ಶತಮಾನದ ಬೇಲೂರು, ಹಳೇಬೀಡು ಒಂದು ಕಡೆ, 1220ರ ಅರಸೀಕೆರೆ ಇನ್ನೊಂದು ಕಡೆ. ಮೂರು ಪ್ರಶ್ನೆ, ಮೂರು ಬಗೆಯ ನೆರೆಹೊರೆ. ಯಾವುದು ಸರಿ ಎಂದು ಸ್ಟ್ರೆಸ್ ಹೇಳುವುದಿಲ್ಲ.

ಅಂಕಿಅಂಶ ಕಂಡರೆ ದೂರ ಸರಿಯುವ ಇತಿಹಾಸ, ಸಮಾಜಶಾಸ್ತ್ರದ ಗೆಳೆಯರಿಗೆ ನಾನು ಈ ಪುಸ್ತಕವನ್ನು ಧೈರ್ಯವಾಗಿ ಕೊಡುತ್ತೇನೆ. ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ತಿಳಿಯಾಗಿ ಹೇಳುವುದು ಸುಲಭವಲ್ಲ. ಕೊಡುವಾಗ ಒಂದು ಮಾತು ಸೇರಿಸುತ್ತೇನೆ: ನಕ್ಷೆ ನೋಡುವ ಮೊದಲು ದೂರದ ಪಟ್ಟಿಯನ್ನು ನೋಡಿ, ಆ ದೂರವನ್ನು ಯಾರು, ಯಾವ ಪ್ರಶ್ನೆ ಕೇಳಿ ಬರೆದರು ಎಂದು ವಿಚಾರಿಸಿ. ನನ್ನ ಅಧ್ಯಾಯದಲ್ಲಿ ಈಗ ಒಂದರ ಬದಲು ಮೂರು ನಕ್ಷೆಗಳಿವೆ. ಪ್ರತಿಯೊಂದರ ಕೆಳಗೂ ಅದು ಉತ್ತರಿಸುವ ಪ್ರಶ್ನೆಯನ್ನು ಬರೆದಿದ್ದೇನೆ.