ವಿಜ್ಞಪ್ತಿಪತ್ರಗಳು: ರೂಢಿ ಮತ್ತು ಸಾಕ್ಷ್ಯ

ಜೈನ ಭಂಡಾರಗಳಲ್ಲಿ ಆಗಮ, ಪುರಾಣ, ಕಾವ್ಯಗಳ ಹಸ್ತಪ್ರತಿಗಳೊಡನೆ ಉಳಿದುಬಂದಿರುವ ಓಲೆಗಳಲ್ಲಿ ವಿಜ್ಞಪ್ತಿಪತ್ರಗಳು ಪ್ರಮುಖವಾದುವು. ಶ್ವೇತಾಂಬರ ಸಂಘಗಳು ಪರ್ಯುಷಣವು ಮುಗಿದ ಮೇಲೆ ದೂರದಲ್ಲಿರುವ ಆಚಾರ್ಯರಲ್ಲಿ ಕ್ಷಮೆ ಯಾಚಿಸಿ, ಮುಂದಿನ ಚಾತುರ್ಮಾಸ್ಯಕ್ಕೆ ತಮ್ಮ ಊರಿಗೆ ದಯಮಾಡಿಸಬೇಕೆಂದು ಬಿನ್ನವಿಸಿಕೊಂಡು ಕಳುಹಿಸುತ್ತಿದ್ದ ಪತ್ರಗಳಿವು. ಮುನಿಗಳೂ ತಮ್ಮ ಗುರುಗಳಿಗೆ ಇಂತಹ ಪತ್ರಗಳನ್ನು ಬರೆದುದುಂಟು.

ಈ ಪತ್ರಗಳ ಅಧ್ಯಯನವು ಆರಂಭದಿಂದಲೂ ಎರಡು ಕವಲುಗಳಲ್ಲಿ ಸಾಗಿದೆ. ಎನ್. ಸಿ. ಮೆಹತಾ ಅವರು 1926ರಲ್ಲಿ ಭಾರತೀಯ ಚಿತ್ರಕಲೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಆಗ್ರಾದ ಸಚಿತ್ರ ಪತ್ರವನ್ನು ವಿವೇಚಿಸಿದರು. ಹೀರಾನಂದ ಶಾಸ್ತ್ರಿಗಳು 1942ರಲ್ಲಿ ಬರೋಡೆಯಿಂದ ಪ್ರಾಚೀನ ವಿಜ್ಞಪ್ತಿಪತ್ರಗಳ ಗ್ರಂಥವನ್ನು ಹೊರತಂದರು. ಇತ್ತ ಮುನಿ ಜಿನವಿಜಯಜೀಯವರು 1916ರಲ್ಲಿ ‘ವಿಜ್ಞಪ್ತಿತ್ರಿವೇಣಿ’ಯನ್ನೂ 1960ರಲ್ಲಿ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ‘ವಿಜ್ಞಪ್ತಿಲೇಖಸಂಗ್ರಹ’ವನ್ನೂ ಸಂಪಾದಿಸಿದರು. ಈ ವಿದ್ವಾಂಸರ ಉಪಕಾರ ದೊಡ್ಡದು. ಆದರೆ ಅವರ ತರುವಾಯ ಕಲಾವಿಮರ್ಶಕರು ಚಿತ್ರವನ್ನೂ ಸಾಹಿತ್ಯ ವಿಮರ್ಶಕರು ಕಾವ್ಯವನ್ನೂ ಹಂಚಿಕೊಂಡರು. ಪತ್ರವು ಪತ್ರವೆಂಬ ಸಂಗತಿ ಮರೆಗೆ ಸರಿಯಿತು.

ಆಗ್ರಾದ ಪತ್ರವನ್ನೇ ನೋಡಬಹುದು. ಕ್ರಿ. ಶ. 1610ರ (ವಿ. ಸಂ. 1667) ಈ ಪತ್ರವನ್ನು ಆಗ್ರಾದ ಸಂಘವು ತಪಾಗಚ್ಛದ ವಿಜಯಸೇನಸೂರಿಗಳಿಗೆ ಬರೆಯಿತು. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ ಜಹಾಂಗೀರನ ಫರ್ಮಾನಿನ ಪ್ರಸಂಗವೇ ಇದರ ಚಿತ್ರಗಳ ವಸ್ತು. ಚಿತ್ರಗಳನ್ನಷ್ಟೇ ನೋಡಿದವರಿಗೆ ಇದು ಮೊಗಲ್ ಶೈಲಿಯ ಒಂದು ಮಾದರಿ. ಲಿಖಿತ ಭಾಗವನ್ನು ಓದಿದವರಿಗೆ, ಬಾದಶಾಹಿ ಚಿತ್ರಕಾರನಾದ ಉಸ್ತಾದ ಶಾಲಿವಾಹನನು ಅಂದು ತಾನು ಕಂಡಂತೆಯೇ ಚಿತ್ರಿಸಿದನೆಂಬ ಹೇಳಿಕೆ ದೊರೆಯುತ್ತದೆ. ಈ ಒಂದು ಮಾತಿನಿಂದ ಚಿತ್ರವು ಅಲಂಕಾರದ ನೆಲೆಯನ್ನು ಬಿಟ್ಟು ಪ್ರತ್ಯಕ್ಷಸಾಕ್ಷ್ಯದ ನೆಲೆಗೆ ಏರುತ್ತದೆ. ಆದರೂ ಪತ್ರವನ್ನು ಬರೆದವರು ತಮಗೆ ದೊರೆತ ಅನುಗ್ರಹದಿಂದ ಹರ್ಷಿತರಾದವರು ಎಂಬುದನ್ನು ಮರೆಯಲಾಗದು. ಫರ್ಮಾನಿನ ವ್ಯಾಪ್ತಿ, ಅವಧಿಗಳನ್ನು ರಾಜಶಾಸನಗಳ ಪಾಠದೊಡನೆ ತುಲನೆಮಾಡಿಯೇ ನಿರ್ಣಯಿಸತಕ್ಕದ್ದು.

ಕಾವ್ಯರೂಪದ ಪತ್ರಗಳಲ್ಲಿ ಈ ವಿವೇಕ ಇನ್ನೂ ಅಗತ್ಯ. ವಿನಯವಿಜಯರ ‘ಇಂದುದೂತ’ದಲ್ಲಿ ಚಂದ್ರನು ಜೋಧಪುರದಿಂದ ಸೂರತಿನಲ್ಲಿದ್ದ ಗುರುಗಳ ಬಳಿಗೆ ಸಂದೇಶ ಒಯ್ಯುತ್ತಾನೆ. ದಾರಿಯ ನಗರಗಳ ವರ್ಣನೆಯಲ್ಲಿ ಸಂದೇಶಕಾವ್ಯದ ರೂಢಿಯೇ ಪ್ರಧಾನ. ಅಲ್ಲಿಯ ಪ್ರತಿಯೊಂದು ವಿಶೇಷಣವನ್ನೂ ಇತಿಹಾಸವೆಂದು ಎತ್ತಿಕೊಳ್ಳುವುದು ಸಾಹಸವೇ ಸರಿ.

ಹಾಗೆಂದು ರೂಢಿಯನ್ನು ಕಂಡೊಡನೆ ಪತ್ರವನ್ನೇ ತಳ್ಳಿಹಾಕುವುದೂ ತಪ್ಪು. ‘ವಿಜ್ಞಪ್ತಿತ್ರಿವೇಣಿ’ಯು ವಿ. ಸಂ. 1484ರಲ್ಲಿ ಜಯಸಾಗರ ಉಪಾಧ್ಯಾಯರು ಸಿಂಧುದೇಶದಿಂದ ಖರತರಗಚ್ಛದ ಜಿನಭದ್ರಸೂರಿಗಳಿಗೆ ಬರೆದ ಸಂಸ್ಕೃತ ಪತ್ರ. ಇದೂ ಅಲಂಕಾರಭೂಯಿಷ್ಠವಾದುದೇ. ಆದರೂ ನಗರಕೋಟ, ಎಂದರೆ ಇಂದಿನ ಕಾಂಗ್ಡಾದ ತೀರ್ಥಯಾತ್ರೆಯನ್ನೂ ಅಲ್ಲಿಯ ಜಿನಾಲಯಗಳನ್ನೂ ಅದು ವಿವರಿಸುತ್ತದೆ. ಜೈನರ ನೆನಪಿನಿಂದ ಬಹುಮಟ್ಟಿಗೆ ಮರೆಯಾಗಿದ್ದ ಆ ತೀರ್ಥದ ಪ್ರಾಚೀನತೆ ಬೆಳಕಿಗೆ ಬಂದುದು ಈ ಪತ್ರದ ಮುದ್ರಣದಿಂದ. 1905ರ ಭೂಕಂಪದಲ್ಲಿ ಕಾಂಗ್ಡಾದ ಕೋಟೆ ಜಖಂಗೊಂಡಿತು; ಭಂಡಾರದ ಪ್ರತಿಯು ಉಳಿಯಿತು.

ಆದುದರಿಂದ ಇಂತಹ ಪತ್ರಗಳ ಸಂಪಾದನೆಯಲ್ಲಿ ಮೂರು ನಿಯಮಗಳು ಪಾಲನೀಯ. ಚಿತ್ರವನ್ನೂ ಪಾಠವನ್ನೂ ಬೇರ್ಪಡಿಸದೆ ಒಟ್ಟಿಗೆ ಪ್ರಕಟಿಸಬೇಕು. ನಗರವರ್ಣನೆ, ಗುರುಸ್ತುತಿ ಮೊದಲಾದ ರೂಢಿಯ ಭಾಗಗಳನ್ನು ಇತರ ಪತ್ರಗಳೊಡನೆ ಹೋಲಿಸಿ, ಆ ಪತ್ರಕ್ಕೇ ವಿಶಿಷ್ಟವಾದುದನ್ನು ಗುರುತಿಸಬೇಕು. ಕೊನೆಯಲ್ಲಿ ಬರುವ ಶ್ರಾವಕರ ಹೆಸರುಗಳನ್ನು ಮುದ್ರಣದ ಮಿತವ್ಯಯಕ್ಕಾಗಿ ಕೈಬಿಡಬಾರದು. ಆಚಾರ್ಯರ ಚರಿತ್ರೆಯನ್ನು ಪಟ್ಟಾವಳಿಗಳು ಕಾಪಾಡಿವೆ. ಅವರನ್ನು ಬಿನ್ನವಿಸಿ ಕರೆದ ಗೃಹಸ್ಥರ ಹೆಸರುಗಳು ಎಷ್ಟೋ ವೇಳೆ ಆ ಪತ್ರದ ಹೊರತು ಬೇರೆಲ್ಲಿಯೂ ಇರುವುದಿಲ್ಲ.