ಉತ್ತರ ಕೊಟ್ಟವರಾರು?

ವಿಮಾನಿಕರನ್ನು ಕುರಿತ ಸಾಹಿತ್ಯವನ್ನು ಓದುವ ಗೀಳು ನನಗೆ ವಿದ್ಯಾರ್ಥಿದಶೆಯಿಂದಲೂ ಅಂಟಿಕೊಂಡಿದೆ. ಛಂದಸ್ಸನ್ನೂ ವ್ಯಾಕರಣವನ್ನೂ ಪಾಠ ಹೇಳಿ ಹೊಟ್ಟೆ ಹೊರೆಯುವ ಮೇಷ್ಟರಿಗೆ ಆಕಾಶದ ಗೊಡವೆ ಏಕೆಂದು ಮಿತ್ರರು ಹಾಸ್ಯ ಮಾಡುವುದುಂಟು. ಅವರಿಗೆ ನಾನು ಕೊಡುವ ಉತ್ತರ ಒಂದೇ: ಸೇಂತ್ ಎಕ್ಸೂಪೆರಿಯನ್ನು ಒಮ್ಮೆ ಓದಿ ನೋಡಿ. 1931ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾದ ಅವನ 'ರಾತ್ರಿಯ ಹಾರಾಟ'ಕ್ಕೆ ಆಂದ್ರೆ ಜೀದ್ ಮುನ್ನುಡಿ ಬರೆದ. ಅದೇ ವರ್ಷ ಫೆಮಿನಾ ಬಹುಮಾನವೂ ಬಂತು. ಬಹುಮಾನ ಬಂದ ಪುಸ್ತಕಗಳೆಲ್ಲ ಬಾಳುವುದಿಲ್ಲ, ಇದು ಬಾಳಿದೆ.

ಅದರ ಕಥೆ ದೊಡ್ಡದಲ್ಲ. ದಕ್ಷಿಣ ಅಮೆರಿಕದ ಮೂರು ದಿಕ್ಕುಗಳಿಂದ, ಅಂದರೆ ಪಟಗೋನಿಯ, ಚಿಲಿ, ಪರಗ್ವೆಗಳಿಂದ, ಟಪ್ಪಾಲು ಹೊತ್ತ ಮೂರು ವಿಮಾನಗಳು ರಾತ್ರಿ ಬ್ವೇನಸ್ ಐರಿಸಿಗೆ ಬರಬೇಕು. ಪಟಗೋನಿಯದ ವಿಮಾನದಲ್ಲಿರುವ ಫಾಬಿಯೆನ್ ಬಿರುಗಾಳಿಗೆ ಸಿಕ್ಕಿ ಮರಳುವುದಿಲ್ಲ. ನೆಲದ ಮೇಲೆ, ಕಚೇರಿಯಲ್ಲಿ, ಇಡೀ ವ್ಯವಸ್ಥೆಯ ಯಜಮಾನನಾದ ರಿವಿಯೇರ್ ತಂತಿಗಳನ್ನು ಓದುತ್ತ, ಗಡಿಯಾರ ನೋಡುತ್ತ ಕೂತಿದ್ದಾನೆ. ಫಾಬಿಯೆನ್ ಸತ್ತನೆಂದು ಮನಸ್ಸು ಒಪ್ಪಿಕೊಂಡ ಮೇಲೂ ಯೂರೋಪಿನ ಟಪ್ಪಾಲನ್ನು ಅವನು ತಡೆಯುವುದಿಲ್ಲ. ಸೇಂತ್ ಎಕ್ಸೂಪೆರಿ ಇದನ್ನು ಕಲ್ಪನೆಯಿಂದ ಕಟ್ಟಲಿಲ್ಲ. ಅರ್ಜೆಂಟೀನಾದ ಟಪ್ಪಾಲು ವಿಮಾನ ಸಂಸ್ಥೆಯಲ್ಲಿ ಸ್ವತಃ ಕೆಲಸ ಮಾಡಿ, ಆ ಪಟಗೋನಿಯದ ದಾರಿಯನ್ನೇ ಹಾರಿದವನು. 1944ರ ಜುಲೈ 31ರಂದು ಕಾರ್ಸಿಕಾದಿಂದ ಹಾರಿದವನು ತಾನೂ ಮರಳಲಿಲ್ಲ.

ಈ ಪುಸ್ತಕದ ಮೇಲೆ ನನಗಿರುವ ಗೌರವ ಇಂದಿಗೂ ಕುಗ್ಗಿಲ್ಲ. ಆದರೆ ಈಚೆಗೆ ಅದನ್ನು ಮತ್ತೆ ಓದಿದಾಗ ಮೊದಲು ಕಾಣದಿದ್ದ ಒಂದು ಕೊರತೆ ಕಂಡಿತು. ಇದರಲ್ಲಿ ಮಾತೆಲ್ಲ ಒಂದೇ ಕೇಂದ್ರದ ಕಡೆಗೆ ಹರಿಯುತ್ತದೆ. ಫಾಬಿಯೆನ್ನನ ಬೆನ್ನ ಹಿಂದೆ ಕುಳಿತ ರೇಡಿಯೋದವನು ಚೀಟಿ ಬರೆದು ಮುಂದಕ್ಕೆ ಕೊಡುತ್ತಾನೆ. ಚೀಟಿಯಲ್ಲಿರುವುದು ನೆಲದ ಠಾಣೆಗಳ ಸುದ್ದಿ. ಆ ಠಾಣೆಗಳ ಹಿಂದೆ ಇರುವುದು ರಿವಿಯೇರ್. ಒಬ್ಬ ವಿಮಾನಿಕ ಇನ್ನೊಬ್ಬ ವಿಮಾನಿಕನೊಡನೆ ಆಕಾಶದಲ್ಲಿ ಮಾತಾಡುವ ಪ್ರಸಂಗವೇ ಇಲ್ಲ. ಹೀಗಾಗಿ ವೀರನಿಗೆ ಏಕಾಂತ ಸಿಕ್ಕಿತು, ಯಜಮಾನನಿಗೆ ಘನತೆ ಸಿಕ್ಕಿತು, ನೆರೆಯವನಿಗೆ ಮಾತ್ರ ಜಾಗ ಸಿಗಲಿಲ್ಲ. ವಿಮಾನ ಸಾಹಿತ್ಯದಲ್ಲಿ ನಾನು ಓದಿದ ಬಹುಪಾಲು ಪುಸ್ತಕಗಳದ್ದೂ ಇದೇ ಪಾಡು.

ರಿವಿಯೇರ್ ಇಲ್ಲದ ಆಕಾಶವೊಂದು ಇದೆಯೆಂದು ನನಗೆ ತಿಳಿದದ್ದು ಎರಡು ವರ್ಷದ ಕೆಳಗೆ, ಅಮೆರಿಕದ ಇಲಿನಾಯ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ. ಷಿಕಾಗೋದ ದೊಡ್ಡ ನಿಲ್ದಾಣದಿಂದ ಒಂಬತ್ತು ಆಸನದ ಪುಟ್ಟ ವಿಮಾನವೊಂದರಲ್ಲಿ ಕೂಡಿಸಿದರು. ಅಲ್ಲಿ ಒಂದು ಹೆಜ್ಜೆ ಮುಂದಿಡಬೇಕಾದರೂ ನೆಲದವರ ಅಪ್ಪಣೆ ಬೇಕು. ಒಂದು ಗಂಟೆಯೊಳಗೆ ಅದೇ ವಿಮಾನಿಕ ಜೋಳದ ಹೊಲಗಳ ನಡುವಿನ ಒಂದು ನಿಲ್ದಾಣಕ್ಕೆ ಇಳಿದ. ಅಲ್ಲಿ ಗೋಪುರವಿಲ್ಲ, ನಿಯಂತ್ರಣಾಧಿಕಾರಿಯಿಲ್ಲ. 'ಇಳಿಯಲು ಅಪ್ಪಣೆ ಕೊಟ್ಟವರು ಯಾರು?' ಎಂದು ಆಮೇಲೆ ವಿಚಾರಿಸಿದೆ. 'ಯಾರೂ ಕೊಡುವುದಿಲ್ಲ, ನಾವು ನಾವೇ ಹೇಳಿಕೊಳ್ಳುತ್ತೇವೆ' ಎಂದು ಆತ ನಕ್ಕ. ಆ ದೇಶದಲ್ಲಿ ಸಾರ್ವಜನಿಕರ ಬಳಕೆಗಿರುವ ನಿಲ್ದಾಣಗಳು ಸುಮಾರು ಐದು ಸಾವಿರ; ಗೋಪುರವಿರುವುದು ಐದುನೂರು ಚಿಲ್ಲರೆಗೆ ಮಾತ್ರ. ಟಿಕೆಟ್ಟು ಕೊಂಡ ಪ್ರಯಾಣಿಕರನ್ನು ಹೊತ್ತ ವಿಮಾನಗಳೂ ಇಂಥ ಎಷ್ಟೋ ಊರುಗಳಿಗೆ ದಿನವೂ ಹೋಗಿಬರುತ್ತವೆ.

'ನಾವು ನಾವೇ ಹೇಳಿಕೊಳ್ಳುತ್ತೇವೆ' ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಬಂದಮೇಲೆ ವಿಮಾನಿಕರ ಕೈಪಿಡಿಯನ್ನು ಹುಡುಕಿ ಓದಿದೆ. ವ್ಯಾಕರಣದ ಮೇಷ್ಟರಿಗೆ ಅದರಲ್ಲಿ ಸುಗ್ಗಿಯೇ ಇದೆ. ಗೋಪುರದ ಭಾಷೆ ವಿಧ್ಯರ್ಥದ ಭಾಷೆ: ಇಳಿ, ತಡೆ, ತಿರುಗು. ವಿಮಾನಿಕ ಆ ಆಜ್ಞೆಯನ್ನು ಹಾಗೆಯೇ ತಿರುಗಿ ಒಪ್ಪಿಸಬೇಕು. ಕೇಳಿದ್ದು ತಪ್ಪಾಗಿದ್ದರೆ ಆ ಒಪ್ಪಿಸುವಿಕೆಯಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಹಳೆಯ ಮಠದ ಅಯ್ಯನವರು ಪಾಠ ಒಪ್ಪಿಸಿಕೊಳ್ಳುತ್ತಿದ್ದ ರೀತಿಯೇ ಇದು. ಗೋಪುರವಿಲ್ಲದ ಕಡೆ ವಿಧ್ಯರ್ಥವೇ ಇಲ್ಲ. ಅಲ್ಲಿರುವುದು ಬರಿಯ ನಿವೇದನೆ: ನಾನು ಇಂಥವನು, ಹತ್ತು ಮೈಲಿ ದೂರದಲ್ಲಿದ್ದೇನೆ, ಇಂಥ ಓಡುದಾರಿಗೆ ಇಳಿಯಲು ಬರುತ್ತಿದ್ದೇನೆ. ಕೇಳುವವರು ಇದ್ದರೆ ಕೇಳುತ್ತಾರೆ. ಅಂಥ ನಿಲ್ದಾಣಗಳಲ್ಲಿ ರೇಡಿಯೋ ಇಲ್ಲದ ವಿಮಾನ ಹಾರಾಡುವುದೂ ಸಾಮಾನ್ಯವಾಗಿ ನಿಯಮಕ್ಕೆ ವಿರೋಧವಲ್ಲ. ಆದಕಾರಣ ಉತ್ತರ ಬರಲಿಲ್ಲವೆಂದರೆ ಎದುರಿಗೆ ಯಾರೂ ಇಲ್ಲವೆಂದು ಅರ್ಥವಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೋ, ಇಬ್ಬರ ಮಾತೂ ಹಾಳು.

ಇದರಲ್ಲಿ ನನಗೆ ತೀರ ಪ್ರಿಯವಾದ ನಿಯಮ ಇನ್ನೊಂದಿದೆ. ಪ್ರತಿ ನಿವೇದನೆಯ ಮೊದಲಲ್ಲೂ ಕೊನೆಯಲ್ಲೂ ಊರಿನ ಹೆಸರನ್ನು ಹೇಳಬೇಕು. ಅಕ್ಕಪಕ್ಕದ ಹಲವು ನಿಲ್ದಾಣಗಳು ಒಂದೇ ರೇಡಿಯೋ ತರಂಗವನ್ನು ಹಂಚಿಕೊಂಡಿರುವುದರಿಂದ, ಯಾವ ಊರಿನ ಮಾತು ಇದೆಂಬುದು ಕೇಳುವವನಿಗೆ ತಪ್ಪದಿರಲೆಂದು ಈ ಏರ್ಪಾಟು. ವಚನಕಾರರು ಕೊನೆಯಲ್ಲಿ ಅಂಕಿತ ಇಡುತ್ತಾರೆ. ಇವರದು ಎರಡೂ ತುದಿಗೆ ಅಂಕಿತವಿಟ್ಟ ವಚನ. ಅದೇ ಕೈಪಿಡಿ ಒಂದು ಮಾತನ್ನು ಖಂಡತುಂಡವಾಗಿ ನಿಷೇಧಿಸಿದೆ: 'ಸುತ್ತಮುತ್ತ ಯಾರಿದ್ದೀರಿ, ದಯವಿಟ್ಟು ತಿಳಿಸಿ' ಎಂಬ ಅರ್ಥದ ಪ್ರಶ್ನೆಯನ್ನು ಯಾವ ಸಂದರ್ಭದಲ್ಲೂ ಕೇಳಕೂಡದು. ಇಷ್ಟು ವಿನಯದ ಪ್ರಶ್ನೆಗೆ ಇಷ್ಟು ಕಠೋರವಾದ ನಿಷೇಧವೇಕೆಂದು ಮೊದಲು ನನಗೆ ಅರ್ಥವಾಗಲಿಲ್ಲ. ಎಲ್ಲರನ್ನೂ ಕೇಳಿದ ಪ್ರಶ್ನೆಗೆ ಎಲ್ಲರೂ ಒಮ್ಮೆಗೇ ಉತ್ತರ ಕೊಟ್ಟಾರು, ಇಲ್ಲವೆ ಯಾರೂ ಕೊಡದೆ ಇದ್ದಾರು. ಸಭೆಗಳಲ್ಲಿ 'ಯಾರಾದರೂ ನಾಲ್ಕು ಮಾತಾಡಿ' ಎಂದು ಅಧ್ಯಕ್ಷರು ಕೇಳಿಕೊಂಡಾಗ ಆಗುವುದನ್ನು ನಾವು ನೋಡಿಲ್ಲವೆ?

ಈ ಹುಡುಕಾಟದಲ್ಲಿ ಸಿಕ್ಕ ಬರೆಹವೊಂದನ್ನು ಕುರಿತು ಹೇಳುವುದೇ ಈ ಲೇಖನದ ಉದ್ದೇಶ. ಅದನ್ನು ಸಾಹಿತ್ಯವೆಂದು ಯಾರೂ ಕರೆದಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 1997ರಲ್ಲಿ ಹೊರಡಿಸಿದ ಅಪಘಾತ ವರದಿ ಅದು. ಅದನ್ನು 'ರಾತ್ರಿಯ ಹಾರಾಟ'ದ ಪಕ್ಕದಲ್ಲಿಟ್ಟು ಓದಬೇಕೆಂದು ನನ್ನ ಅಭಿಪ್ರಾಯ.

1996ರ ನವೆಂಬರ್ 19, ಸಂಜೆ ಐದು ಗಂಟೆಯ ಹೊತ್ತು. ಮಿಸಿಸಿಪಿ ನದಿಯ ದಡದ ಕ್ವಿನ್ಸಿ ಎಂಬ ಊರು. ಅಲ್ಲಿಯ ನಿಲ್ದಾಣಕ್ಕೆ ಗೋಪುರವಿಲ್ಲ. ಷಿಕಾಗೋದಿಂದ ಬರ್ಲಿಂಗ್ಟನ್ ಮಾರ್ಗವಾಗಿ ಬಂದ ಯುನೈಟೆಡ್ ಎಕ್ಸ್‌ಪ್ರೆಸ್ 5925, ಹತ್ತೊಂಬತ್ತು ಆಸನದ ಬೀಚ್‌ಕ್ರಾಫ್ಟ್ ವಿಮಾನ, ಹತ್ತು ಪ್ರಯಾಣಿಕರೊಡನೆ 13ನೆಯ ಓಡುದಾರಿಗೆ ಇಳಿಯುತ್ತಿತ್ತು. ಅದನ್ನು ಅಡ್ಡವಾಗಿ ಕತ್ತರಿಸುವ 04ನೆಯ ಓಡುದಾರಿಯ ತುದಿಯಲ್ಲಿ ಕಿಂಗ್ ಏರ್ ಜಾತಿಯ ವಿಮಾನವೊಂದು ಇಬ್ಬರೊಡನೆ ಹೊರಡಲು ಸಿದ್ಧವಾಗಿ ನಿಂತಿತ್ತು. ಅದರ ಹಿಂದೆ ತನ್ನ ಸರದಿಗಾಗಿ ಚೆರೋಕಿ ಎಂಬ ಪುಟ್ಟ ವಿಮಾನ. ಇಳಿಯುವ ವಿಮಾನದವರು ನಿಯಮದಂತೆ ತಾವು ಬರುತ್ತಿರುವುದನ್ನು ಸಾರಿದರು. ಸಂಶಯ ಬಂದು, 04ರ ಮೇಲಿರುವ ವಿಮಾನ ಅಲ್ಲೇ ನಿಲ್ಲುತ್ತದೆಯೋ ಹೊರಡುತ್ತದೆಯೋ ಎಂದು ಕೇಳಿದರು. ಇದು ಗಾಳಿಗೆ ಎಸೆದ ಪ್ರಶ್ನೆಯಲ್ಲ, ಖಚಿತವಾದ ಪ್ರಶ್ನೆ. ಉತ್ತರವೂ ಬಂತು: 04ರಲ್ಲಿ ಹೊರಡಲು ಕಾದು ನಿಂತಿದ್ದೇನೆ, ಎಂದು. ಆದರೆ ಉತ್ತರ ಕೊಟ್ಟವನು ಕಿಂಗ್ ಏರಿನವನಲ್ಲ, ಹಿಂದಿನ ಚೆರೋಕಿಯವನು. ಅವನ ಮಾತಿನ ನಡುವೆ, ಇಳಿಯುವ ವಿಮಾನದೊಳಗಿನ ಯಂತ್ರ ನೆಲ ಇನ್ನೂರು ಅಡಿ ಇದೆಯೆಂದು ಕೂಗಿತು. ತುಂಡಾದ ಮಾತಿನ ಬಾಲದಲ್ಲಿ 'ಕಿಂಗ್ ಏರ್' ಎಂಬ ಹೆಸರು ಕೇಳಿಸಿತು. ಹಾಗಾದರೆ ನಿಮ್ಮ ಮುಂದೆ ದಾಟಿಕೊಳ್ಳುತ್ತೇವೆ, ಉಪಕಾರವಾಯಿತು, ಎಂದು ವಿಮಾನದಿಂದ ಉತ್ತರ ಹೋಯಿತು. ಆ ಕೃತಜ್ಞತೆಯನ್ನು ತಿದ್ದುವ ಮಾತು ಯಾರಿಂದಲೂ ಬರಲಿಲ್ಲ. ಕಿಂಗ್ ಏರ್ ಹೊರಟಿತು. ಎರಡೂ ಓಡುದಾರಿಗಳು ಕೂಡುವಲ್ಲಿ ಎರಡೂ ಕೂಡಿದವು. ಎರಡರಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಶಬ್ದಬೋಧೆಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದನ್ನು ನಾನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಒಂದು ಪದ ಇನ್ನೊಂದನ್ನು ಬಯಸಬೇಕು; ಅರ್ಥಗಳು ಒಂದಕ್ಕೊಂದು ಹೊಂದಬೇಕು; ನಡುವೆ ವಿಳಂಬವಿಲ್ಲದೆ ಉಚ್ಚಾರವಾಗಬೇಕು. ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಹುಡುಗರು ಬಾಯಿಪಾಠ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದವನು. ಈ ವರದಿಯನ್ನು ಓದುವಾಗ ಆ ಮೂರು ಪದಗಳು ಮೊದಲ ಬಾರಿಗೆ ನನ್ನನ್ನು ಹೆದರಿಸಿದವು. ಪ್ರಶ್ನೆ ಕೇಳಿದವರಲ್ಲಿ ಆಕಾಂಕ್ಷೆ ತುಂಬಿ ನಿಂತಿತ್ತು. ಬಂದ ಉತ್ತರಕ್ಕೆ ಪ್ರಶ್ನೆಗೆ ಹೊಂದುವ ಯೋಗ್ಯತೆ ಎಷ್ಟು ಬೇಕೋ ಅಷ್ಟೂ ಇತ್ತು. ಪ್ರಶ್ನೆಯ ಬೆನ್ನಿಗೇ ಬಂದದ್ದರಿಂದ ಸನ್ನಿಧಿಯೂ ಇತ್ತು. ಮೂರೂ ಕೂಡಿ ವಾಕ್ಯ ಪೂರ್ಣವಾಯಿತು, ಅರ್ಥ ಹುಟ್ಟಿತು, ಆ ಅರ್ಥ ಸುಳ್ಳಾಗಿತ್ತು. ಸನ್ನಿಧಿ ನಿಜವಾಗಿ ಮುರಿದದ್ದು ಉತ್ತರದ ಒಳಗೆ, ಯಂತ್ರ ಕೂಗಿದ ಆ ಕ್ಷಣದಲ್ಲಿ. ಆ ಬಿರುಕನ್ನು ಕೇಳುವವರ ಆಕಾಂಕ್ಷೆ ಮುಚ್ಚಿಬಿಟ್ಟಿತು. ಅಂಕಿತವೇನೂ ಇರಲಿಲ್ಲವೆ? ಇತ್ತು. ಚೆರೋಕಿಯವನು ತನ್ನ ವಿಮಾನದ ಸಂಖ್ಯೆಯನ್ನು ಹೇಳಿಯೇ ಮಾತು ಆರಂಭಿಸಿದ್ದ. ಅದು ಕಿಂಗ್ ಏರಿನ ಸಂಖ್ಯೆಯಲ್ಲ. ಬೇಕಾದ ಉತ್ತರ ಸಿಕ್ಕಿದಾಗ ಸಹಿ ಯಾರದೆಂದು ನೋಡುವವರು ಕಡಿಮೆ.

ಸಹೃದಯನನ್ನು ಕುರಿತು ನಾವು ಬಹಳ ಉದಾರವಾಗಿ ಮಾತಾಡುತ್ತೇವೆ. ಕವಿ ಹೇಳದೆ ಬಿಟ್ಟುದನ್ನು ಅವನು ತುಂಬಿಕೊಳ್ಳುತ್ತಾನೆ, ಅದೇ ಕಾವ್ಯದ ಜೀವ, ಎಂದು. ಒಪ್ಪತಕ್ಕ ಮಾತೇ. ಆದರೆ ತುಂಬಿಕೊಳ್ಳುವ ಆ ಶಕ್ತಿಯೇ ಕ್ವಿನ್ಸಿಯಲ್ಲಿ ಏನು ಮಾಡಿತೆಂಬುದನ್ನು ಕಂಡಮೇಲೆ ತರಗತಿಯಲ್ಲಿ ಸಹೃದಯನ ಗುಣಗಾನ ಮಾಡುವಾಗ ನನ್ನ ಧ್ವನಿ ಸ್ವಲ್ಪ ತಗ್ಗಿದೆಯೆಂದು ಒಪ್ಪಿಕೊಳ್ಳುತ್ತೇನೆ.

ವರದಿಯ ತೀರ್ಪಿನೊಡನೆ ನನಗೆ ಜಗಳವೂ ಇದೆ. ಕಿಂಗ್ ಏರಿನವರು ರೇಡಿಯೋವನ್ನು ಸರಿಯಾಗಿ ಆಲಿಸಲಿಲ್ಲ ಅಥವಾ ಸುತ್ತ ಸರಿಯಾಗಿ ನೋಡಲಿಲ್ಲ ಎಂಬುದು ಮುಖ್ಯ ಕಾರಣ. ಚೆರೋಕಿಯ ತುಂಡಾದ ಮಾತೂ ಅದರಿಂದಾದ ತಪ್ಪು ತಿಳಿವಳಿಕೆಯೂ ಪೋಷಕ ಕಾರಣ. ಹೀಗೆ ಮಂಡಳಿ ಪಂಕ್ತಿ ಹಾಕಿದೆ. ಕಾನೂನಿನ ಕಣ್ಣಿಗೆ ಇದು ಸರಿಯಿರಬಹುದು. ಕಿವಿಗೊಡದಿರುವುದು ದೊಡ್ಡ ತಪ್ಪು, ತಪ್ಪಾಗಿ ಕೇಳುವುದು ಚಿಕ್ಕ ತಪ್ಪು ಎಂಬ ಭಾವನೆ ಇದರ ಹಿಂದಿದೆ. ನನಗೆ ಹಾಗೆ ತೋರುವುದಿಲ್ಲ. ಉತ್ತರವೇ ಬಾರದಿದ್ದರೆ ಇಳಿಯುವವರು ಬಹುಶಃ ಮೇಲೆದ್ದು ಇನ್ನೊಂದು ಸುತ್ತು ಹಾಕುತ್ತಿದ್ದರು. ಅವರನ್ನು ಕೆಳಗಿಳಿಸಿದ್ದು ಆ ಉತ್ತರ.

ಆದರೂ ಬರೆಹವಾಗಿ ಆ ವರದಿ ದೊಡ್ಡದು. ಬಾಗಿಲಿನ ಪ್ರಸಂಗಕ್ಕೆ ಬಂದಾಗ ಇದು ಸಂದೇಹವಿಲ್ಲದೆ ತಿಳಿಯುತ್ತದೆ. ದೊಡ್ಡ ವಿಮಾನದವರು ಢಿಕ್ಕಿಯಿಂದ ಸಾಯಲಿಲ್ಲ. ಆ ಪೆಟ್ಟು ಬದುಕಬಹುದಾದಷ್ಟೇ ಇತ್ತು. ನಿಲ್ದಾಣದಲ್ಲಿದ್ದವರು ಓಡಿಬಂದು ಹೊರಗಿನಿಂದ ಬಾಗಿಲು ತೆಗೆಯಲು ಹೆಣಗಿದರು, ತೆರೆಯಲಿಲ್ಲ. ಬೆಂಕಿ ನಂದಿಸುವ ದಳ ನಿಲ್ದಾಣದಲ್ಲಿ ಸಿದ್ಧವಿರಲಿಲ್ಲ. ಮೂವತ್ತಕ್ಕಿಂತ ಹೆಚ್ಚು ಆಸನದ ವಿಮಾನಗಳಿಗೆ ಮಾತ್ರ ಅದು ಕಡ್ಡಾಯವೆಂದು ಆಗಿನ ನಿಯಮ. ಹೊಗೆಯೂ ಬೆಂಕಿಯೂ ಕೆಲಸ ಮುಗಿಸಿದವು. ಇಷ್ಟನ್ನೂ ವರದಿ ಒಂದು ವಿಶೇಷಣವಿಲ್ಲದೆ ಹೇಳುತ್ತದೆ. ಅರ್ನೆಸ್ಟ್ ಗ್ಯಾನ್ ಎಂಬ ಹಳೆಯ ವಿಮಾನಿಕ 1961ರಲ್ಲಿ ಬರೆದ ಆತ್ಮಕಥನವು ಸತ್ತ ಸಂಗಾತಿಗಳ ಉದ್ದನೆಯ ಹೆಸರುಪಟ್ಟಿಯಿಂದಲೇ ಶುರುವಾಗುತ್ತದೆ. ಅದನ್ನು ಓದಿದಾಗ ನನ್ನ ಕಣ್ಣು ತೇವವಾದದ್ದುಂಟು. ಈ ವರದಿಯಲ್ಲಿ ಮನುಷ್ಯರು ಸಂಖ್ಯೆಗಳಾಗಿದ್ದಾರೆ. ಇದನ್ನು ಓದಿದ ರಾತ್ರಿ ನಿದ್ರೆ ಬರಲಿಲ್ಲ.

ಇಲಿನಾಯ್‌ನಿಂದ ಹಿಂದಿರುಗುವಾಗ ಅದೇ ಪುಟ್ಟ ವಿಮಾನದಲ್ಲಿ ವಿಮಾನಿಕನ ಬೆನ್ನ ಹಿಂದೆಯೇ ನನಗೆ ಜಾಗ ಸಿಕ್ಕಿತ್ತು. ಇಂಜಿನ್ನಿನ ಅಬ್ಬರದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಓಡುದಾರಿಯ ತುದಿಯಲ್ಲಿ ನಿಂತು ಅವನು ತುಟಿಯಾಡಿಸಿದ, ಆಮೇಲೆ ಸುಮ್ಮನಾದ, ಎಡಕ್ಕೂ ಬಲಕ್ಕೂ ಕತ್ತು ಹೊರಳಿಸಿ ಬಹಳ ಹೊತ್ತು ನೋಡಿದ, ಇನ್ನೊಮ್ಮೆ ತುಟಿಯಾಡಿಸಿದ. ವರದಿಯನ್ನು ನಾನಿನ್ನೂ ಓದಿರಲಿಲ್ಲ. ಷಿಕಾಗೋದಲ್ಲಿ ಮುಂದಿನ ವಿಮಾನ ತಪ್ಪೀತೆಂದು ಗಡಿಯಾರ ನೋಡುತ್ತ, ಇವನೇಕೆ ಇಷ್ಟು ತಡಮಾಡುತ್ತಿದ್ದಾನೆಂದು ಮನಸ್ಸಿನಲ್ಲೇ ಬೈದುಕೊಂಡೆ.